ಸ್ಪ್ಯಾನಿಷ್ ಬದಿಯ ಮೇಲೆ ನನ್ನ ಕ್ಷೇಮಸಮಾಚಾರ

ತಂಗಿಯ ಕ್ಯಾಸೆಟ್ಟಿಗೆ ಕೈಹಾಕುವ ಮೊದಲು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಆಮೇಲೆ ನಿಜ ಹೇಳಬೇಕಿತ್ತು, ಅದನ್ನೂ ಹೇಳಲಿಲ್ಲ. ಐದನೇ ತರಗತಿ ದಾಟದ ನನಗೆ ಬರೆಯುವುದೆಂದರೆ ಬೆವರು. ಹಾಗಾಗಿ ಕತಾರಿಗೆ ಬಂದಾಗಿನಿಂದ ಊರಿಗೆ ನನ್ನ ಪತ್ರಗಳೆಲ್ಲ ಕ್ಯಾಸೆಟ್ಟಿನಲ್ಲೇ. ಒಂದು ಬದಿಗೆ ಮಾತಾಡಿ, ರಜೆಗೆ ಹೋಗುವವರ ಕೈಯಲ್ಲಿ ಕಳಿಸುತ್ತೇನೆ. ಅಮ್ಮ ಇನ್ನೊಂದು ಬದಿಗೆ ಉತ್ತರ ತುಂಬಿ ವಾಪಸ್ ಕಳಿಸುತ್ತಾಳೆ.

ತಂಗಿ ಲವೀನಾ ಇಲ್ಲೇ ಅಲ್ ಹಿಲಾಲ್ ಬಡಾವಣೆಯಲ್ಲಿ ನನ್ನ ಜೊತೆ ಇರುವ ಟೈಪಿಸ್ಟ್. ಅವಳು ಪಕ್ಕದ ಮುಂತಜಾ ಪೇಟೆಯ ಅಂಗಡಿಯಿಂದ ಲ್ಯಾಟಿನ್ ಅಮೆರಿಕದ ಹೊಸ ಗಾಯಕನೊಬ್ಬನ ಮೊದಲ ಆಲ್ಬಂ ತಂದಿದ್ದಳು. ಹಾಡು ಬರೆದವನೂ ಹಾಡಿದವನೂ ಅವನೇ. ಒಂದು ಬದಿ ಇಂಗ್ಲಿಷ್, ಇನ್ನೊಂದು ಅವನ ಮನೆಮಾತು ಸ್ಪ್ಯಾನಿಷ್. ಆಫೀಸಿನ ಗೆಳತಿಯ ಮದುವೆಯಲ್ಲಿ ಸ್ಪ್ಯಾನಿಷ್ ಹಾಡೊಂದನ್ನು ಹಾಡುತ್ತೇನೆಂದು ಮಾತು ಕೊಟ್ಟು, ಟೇಪು ನಿಲ್ಲಿಸಿ ನಿಲ್ಲಿಸಿ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಅರ್ಧ ಆಗಿತ್ತು.

ಆಗಲೇ ಊರಿಗೆ ಹೊರಟ ಪರಿಚಯದವನೊಬ್ಬ ಬಂದು, "ಅಮ್ಮನಿಗೆ ಕ್ಯಾಸೆಟ್ ಉಂಟಾ ಮಾರಾಯ? ಯಲ್ಲಾ, ಬೇಗ, ಒಂದು ಗಂಟೆಯೊಳಗೆ ಕೊಡು" ಎಂದ. ಖಾಲಿ ಕ್ಯಾಸೆಟ್ ಇರಲಿಲ್ಲ, ಲವೀನಾಳದು ಮೇಜಿನ ಮೇಲಿತ್ತು. ಯಾರಿಗೂ ಅರ್ಥವಾಗದ ಬದಿ ಹೋದರೆ ಏನು ನಷ್ಟ? ಕ್ಯಾಸೆಟ್ಟಿನ ನೆತ್ತಿಯ ಎರಡೂ ತೂತುಗಳಿಗೆ ಕಾಗದ ತುರುಕಿದರೆ ಅಂಗಡಿಯ ಹಾಡಿನ ಮೇಲೂ ನಮ್ಮ ಮಾತು ಕೂರುತ್ತದೆ. ನನ್ನ ಕೆಮ್ಮು, ಇಲ್ಲಿನ ಸೆಕೆ, ಮೀನಿನ ರುಚಿ ಎಲ್ಲ ತುಂಬಿಸಿ ಕಳಿಸಿದೆ.

"ಅಣ್ಣಾ, ನನ್ನ ಕ್ಯಾಸೆಟ್?"

"ಬಸ್ಸಿನಲ್ಲುಂಟು." ಅಲ್ ಖೋರಿಗೆ ಕಂಪೆನಿ ಬಸ್ ಓಡಿಸುವವನ ಸುಳ್ಳಿಗೂ ಬಸ್ಸೇ ಗತಿ.

"ನಿನ್ನ ಬಸ್ಸಿಗೆ ಸ್ಪ್ಯಾನಿಷ್ ಎಂಥದಕ್ಕೆ? ಮದುವೆ ಹತ್ತಿರ ಬಂತು."

ಅಂಥದ್ದೇ ಇನ್ನೊಂದು ಕೊಳ್ಳಲು ಗುಟ್ಟಾಗಿ ಅಂಗಡಿಗೆ ಓಡಿದೆ. "ಮಾಫಿ. ಖಲಾಸ್" ಎಂದ ಅಂಗಡಿಯವ. ಇಲ್ಲ, ಎಲ್ಲ ಮುಗಿದಿದೆ ಎಂದರ್ಥ.

ಮದುವೆಗೆ ಎರಡು ದಿನವಿರುವಾಗ ಕ್ಯಾಸೆಟ್ ಮರಳಿತು. ಇಂಗ್ಲಿಷ್ ಬದಿಯ ತುಂಬ ಅಮ್ಮ! "ನಿನ್ನ ಮಾತು ಮುಗಿದ ಮೇಲೆ ಒಬ್ಬ ಹುಡುಗ ಹಾಡಿದ ನೋಡು! ಒಂದಕ್ಷರ ಅರ್ಥವಾಗಲಿಲ್ಲ, ಆದರೂ ಕಣ್ಣು ತುಂಬಿತು. ಇನ್ನು ಮುಂದೆ ನೀನು ಸ್ವಲ್ಪ ಮಾತಾಡು ಮಗಾ, ಅವನು ಜಾಸ್ತಿ ಹಾಡಲಿ."

ಬದಿ ತಿರುಗಿಸಿದೆ. ನನ್ನ ಗೊಗ್ಗರು ದನಿ ನಿಂತಲ್ಲಿಂದ ಅವನು ಅರ್ಧ ಸಾಲಿನಲ್ಲಿ ಎದ್ದು ಬಂದ. ಎಂಥ ಕಂಠ! ಹೊರಗಿನ ಜಗತ್ತಿಗೆ ಹೊರಟವನು ಮನೆಮಾತಿಗೂ ಸಮಸಮ ಒಂದು ಬದಿ ಕೊಟ್ಟಿದ್ದ. ಬಸ್ಸಿನಲ್ಲಿ ಸಾಹೇಬರಿದ್ದರೆ ನನ್ನ ಮನೆಮಾತು ಕೊಂಕಣಿಯ ದನಿ ತಗ್ಗಿಸುವ ನಾನು, ಆ ಬದಿಯನ್ನೇ ಅಳಿಸಿದ್ದೆ.

"ಬಸ್ಸಿಗೆ ಅಮ್ಮ ಯಾವಾಗ ಹತ್ತಿದ್ದು?"

ಲವೀನಾ ಬಾಗಿಲಲ್ಲಿ ನಿಂತಿದ್ದಳು, ಅರ್ಧ ಬರೆದ ಕಾಗದ ಹಿಡಿದು. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

"ನಾನೇ ಅಳಿಸಿದ್ದು ಲವೀ. ನಿನ್ನ ಹಾಡಿಗಿಂತ ನನ್ನ ಮಾತು ದೊಡ್ಡದು ಅಂದುಕೊಂಡೆ. ತಪ್ಪಾಯ್ತು ಮಾರಾಯ್ತಿ."