ಅಡ್ಡ ತಿರುಗಿ ಹೋಗುವ ಅಡಿಗೆಮನೆ

ನಮ್ಮ ಯಜಮಾನರು ತೀರಿಕೊಂಡರು. ಅವರು ಕಟ್ಟಿಸಿದ ಅಡಿಗೆಮನೆ ಮಾತ್ರ ಗಟ್ಟಿಯಾಗಿದೆ.

ನಕ್ಷೆ ಬರೆಯುವವರಲ್ಲೇ ಅತಿ ಅಗ್ಗದವನನ್ನು ಹುಡುಕಿ ತಂದ ಮಹಾನುಭಾವರು ಅವರು. ಆ ಪುಣ್ಯಾತ್ಮ ಬರೆದ ಬಾಗಿಲು ಒಳಕ್ಕೆ ತೆರೆದು ಒಲೆಕಟ್ಟೆಗೆ ಬಡಿಯುತ್ತದೆ, ಅರ್ಧಕ್ಕೇ ನಿಲ್ಲುತ್ತದೆ. ಮದುವೆಯಾದ ಹೊಸದರಲ್ಲಿ ನಾನು ನೇರ ಹೋಗುತ್ತಿದ್ದೆ. ಆಮೇಲೆ ಅಡ್ಡ ತಿರುಗಬೇಕಾಯಿತು. (ತಪ್ಪು ಬಾಗಿಲಿನದು, ನನ್ನದಲ್ಲ.) ಒಳಗೆ ಇಬ್ಬರು ಹಿಡಿಸುವುದಿಲ್ಲ. ಅವರು ಬಾಗಿಲಾಚೆ ಸ್ಟೂಲಿನ ಮೇಲೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು, ನನ್ನಿಂದ ಬೈಸಿಕೊಳ್ಳುತ್ತಿದ್ದರು.

ಈಗ ಸ್ಟೂಲು ಖಾಲಿ. ಅದನ್ನು ನೋಡಿಕೊಂಡು ಬೇಯಿಸಲು ಆಗುತ್ತಿಲ್ಲ. ಎಲ್ಲ ಕೆಡವಿಸಿ ಹೊಸದು ಮಾಡಿಸೋಣ ಎಂದುಕೊಂಡೆ.

"ಈ ಸಲ ಅಗ್ಗದ ಮಾತೇ ಬೇಡ," ಎಂದು ತಂಗಿಗೆ ಸಾರಿದೆ. "ಮೊದಲು ಕೆಲಸ ನೋಡೋದು, ಗೊತ್ತಿರೋರನ್ನ ಆರಿಸೋದು. ರೇಟು ಆಮೇಲೆ."

"ಭಾವ ಇದ್ದಿದ್ರೆ ಇದನ್ನ ಕೇಳೇ ಸಾಯೋರು," ಅಂದಳು.

ನಕ್ಷೆ ಬರೆಯುವವರು ಮೂವರು ಬಂದರು. ಮೊದಲನೆಯವನು ಕೂರುವ ಮುಂಚೆಯೇ, "ಬೇರೆಯವರು ಎಷ್ಟು ಹೇಳಿದ್ರೂ ಅದಕ್ಕಿಂತ ಕಮ್ಮಿಗೆ ಮಾಡ್ತೀನಮ್ಮ," ಅಂದ.

"ಕೂರಬೇಡಪ್ಪ. ಹಂಗೇ ಹೋಗು."

ಎರಡನೆಯವನು ಬಣ್ಣಬಣ್ಣದ ಚಿತ್ರ ತೋರಿಸಿದ. "ಇಲ್ಲಿ ಬೇಯಿಸೋಳು ಯಾರು? ಅವಳನ್ನ ಕೇಳ್ಬೇಕು," ಅಂದೆ.

"ಇದಿನ್ನೂ ಕಟ್ಟಿಲ್ಲಮ್ಮ."

ಮೂರನೆಯವಳು ಹೆಂಗಸು. ತಾನು ಮಾಡಿದ ಅಡಿಗೆಮನೆಗಳಿಗೇ ಕರೆದುಕೊಂಡು ಹೋದಳು. ಅಲ್ಲಿ ಬೇಯಿಸುವವರನ್ನು ವಿಚಾರಿಸಿದೆ. ಒಬ್ಬಳೂ ಬೈಯಲಿಲ್ಲ. ಇದಕ್ಕಿಂತ ದೊಡ್ಡ ಬಿರುದು ಬೇಕೆ? ಅವಳನ್ನೇ ಆರಿಸಿದೆ. ಆಮೇಲೆ ಫೀಸು ಕೇಳಿದೆ. ಕೇಳಿ ಕೂತುಬಿಟ್ಟೆ. ಆದರೆ ಅಗ್ಗದ ಮಾತೇ ಬೇಡ ಎಂದು ಬೀದಿಯಲ್ಲೆಲ್ಲ ಕೊಚ್ಚಿಕೊಂಡಾಗಿತ್ತು. ಒಪ್ಪಿದೆ.

ಒಂದು ಬೆಳಿಗ್ಗೆ ಅವಳು ನಾನು ಅಡಿಗೆ ಮಾಡುವುದನ್ನೇ ನೋಡುತ್ತ ನಿಂತಳು. ನಾನು ಅಭ್ಯಾಸಬಲದಿಂದ ಈರುಳ್ಳಿಯನ್ನು ಬಾಗಿಲಾಚೆಗೆ ಚಾಚಿದೆ. ಕೈ ಹಾಗೇ ನಿಂತಿತು.

"ಯಾರಿಗಮ್ಮ?"

"ಯಾರಿಗೂ ಇಲ್ಲ. ನೀನು ನಿನ್ನ ಕೆಲಸ ನೋಡು."

ನಕ್ಷೆ ತಂದಳು. "ಬಾಗಿಲು ಹೊರಕ್ಕೆ ತೆರೆಯುತ್ತೆ. ಇನ್ಮೇಲೆ ನೇರ ಹೋಗಬಹುದು."

"ಹೊರಕ್ಕೆ ತೆರೆದ್ರೆ ಸ್ಟೂಲಿಗೆ ಬಡಿಯುತ್ತೆ."

"ಸ್ಟೂಲು ತೆಗೆದ್ರಾಯ್ತು."

"ಅದು ಅಲ್ಲೇ ಇರುತ್ತೆ."

"ಹಾಗಾದ್ರೆ ಒಲೆಕಟ್ಟೆ ಎದುರು ಗೋಡೆಗೆ ಹಾಕೋಣ."

"ಆಗ ನನ್ನ ಬೆನ್ನು ಬಾಗಿಲಿಗೆ ಬರುತ್ತೆ. ಮಾತಾಡೋದು ಹೆಂಗೆ?"

"ಯಾರ ಹತ್ರ?" ಅಂದವಳು ಸ್ಟೂಲು ನೋಡಿದಳು. ರಬ್ಬರು ತೆಗೆದು ಅಳಿಸುತ್ತ ಹೋದಳು. ಕೊನೆಗೆ ಹಾಳೆಯಲ್ಲಿ ಉಳಿದದ್ದು ನನ್ನ ಹಳೇ ಅಡಿಗೆಮನೆಯೇ. ಅರ್ಧ ತೆರೆಯುವ ಬಾಗಿಲು ಸಮೇತ.

"ಇದೇ ಸರಿಯಮ್ಮ ನಿಮಗೆ," ಅಂದಳು. ಫೀಸು ಪೂರ್ತಿ ಕೊಟ್ಟೆ.

ತಂಗಿ ಹಣೆ ಚಚ್ಚಿಕೊಂಡಳು. "ಏನೂ ಮಾಡದೆ ಇರೋದನ್ನ ಭಾವ ಬಿಟ್ಟಿಯಾಗೇ ಮಾಡ್ತಿದ್ರಲ್ಲೇ ಅಕ್ಕ!"

"ಅವರು ಇವಳಷ್ಟು ಓದಿರಲಿಲ್ಲ," ಎಂದು ಠೀವಿಯಿಂದ ಒಳಗೆ ಹೊರಟೆ. ಅಡ್ಡ ತಿರುಗುವುದು ಮರೆತುಹೋಯಿತು. ಬಾಗಿಲಲ್ಲಿ ಸಿಕ್ಕಿಕೊಂಡೆ. ತಂಗಿ ಹಿಂದಿನಿಂದ ನೂಕಬೇಕಾಯಿತು.