ಮೂವತ್ತೆರಡು ಇಂಚಿನಲ್ಲಿ ನಮ್ಮತ್ತೆ

ವ್ಯಾಪಾರದಲ್ಲಿ ನನ್ನನ್ನು ಯಾಮಾರಿಸುವವರು ಮೈಸೂರಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ಬಹುಕಾಲ ನಂಬಿದ್ದೆ. ಸಂತೆಯಲ್ಲಿ ಪಾತ್ರೆ ಮಾರಿ, ಆಮೇಲೆ ಸ್ವಂತ ಅಂಗಡಿ ಇಟ್ಟವನು ನಾನು. ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಮಿಕ್ಸಿ ಕೊಳ್ಳುವವರೂ ನನ್ನನ್ನು ಕೇಳಿಯೇ ಕೊಳ್ಳುತ್ತಿದ್ದರು. ಕೇಳದಿದ್ದವರಿಗೆ ನಾನೇ ಹೋಗಿ ಹೇಳಿಬರುತ್ತಿದ್ದೆ.

ಗೋಡೆಗೆ ನೇತುಹಾಕುವ ತೆಳ್ಳನೆಯ ಟಿವಿಗಳು ಬಂದ ಹೊಸತರಲ್ಲಿ ನಾವೂ ಮೂವತ್ತೆರಡು ಇಂಚಿನದೊಂದು ತಂದೆವು. ಡಬ್ಬದಂಥ ಹಳೇ ಟಿವಿಯನ್ನು ಎದುರುಮನೆ ಪುಟ್ಟಸ್ವಾಮಿಯವರಿಗೆ, ಅವರು ಬೇಡ ಬೇಡ ಎನ್ನುತ್ತಿದ್ದರೂ, ಒಳ್ಳೆಯ ಬೆಲೆಗೆ ದಾಟಿಸಿದೆ. ಅದರ ರಿಮೋಟು ಎರಡು ಏಟು ಬಿದ್ದರೆ ಮಾತ್ರ ಕೆಲಸ ಮಾಡುತ್ತದೆ ಎಂಬುದನ್ನು ಹೇಳುವ ಸಂದರ್ಭ ಒದಗಿಬರಲಿಲ್ಲ.

ಮಾರನೆಯ ದಿನ ನನ್ನ ಹೆಂಡತಿ ಸರ್ವಮಂಗಳ ತನ್ನ ತಮ್ಮನ ಮದುವೆಯ ಡಿವಿಡಿ ಹಾಕಿದಳು. ಅದರಲ್ಲಿ ಅವಳ ತಾಯಿ ಆರತಿ ಎತ್ತುತ್ತಾ ನಗುವ ದೃಶ್ಯವಿದೆ. ಅತ್ತೆ ತೀರಿಕೊಂಡ ಮೇಲೆ ಆ ನಗು ಉಳಿದಿರುವುದು ಅದೊಂದು ಡಿಸ್ಕಿನಲ್ಲಿ. ಫೋಟೋಗಳಲ್ಲೆಲ್ಲ ಅವರು ಗುರುತಿನ ಚೀಟಿಗೆ ಕೂತವರಂತೆ ಬಿಗಿದುಕೊಂಡಿದ್ದಾರೆ. ವಾರಕ್ಕೊಮ್ಮೆಯಾದರೂ ಇವಳು ಆ ನಗು ನೋಡಲೇಬೇಕು. ಹೊಸ ಟಿವಿಯಲ್ಲಿ ಅದು ಟೈಲ್ಸ್ ಹಾಕಿದ ನೆಲದಂತೆ ಚೌಕ ಚೌಕವಾಗಿತ್ತು.

"ಅಮ್ಮ ಎಲ್ರೀ?" ಎಂದಳು.

"ಅಲ್ಲೇ ಇದಾರಲ್ಲ, ಎಡಗಡೆ."

"ಅದು ಬಾಳೆಕಂಬ ಕಣ್ರೀ."

ಟಿವಿ ಅಂಗಡಿಯವನನ್ನು ಕೇಳಿದೆ. ಹಳೇ ಪ್ಲೇಯರ್ ಸಾಲದು, ಚಿತ್ರವನ್ನು ದೊಡ್ಡ ಪರದೆಗೆ ಹದ ಮಾಡಿ ಕಳಿಸುವ 'ಅಪ್‌ಸ್ಕೇಲಿಂಗ್' ಪ್ಲೇಯರ್ ಬೇಕು ಎಂದ. ಬೇಕೋ ಬೇಡವೋ ಎಂದು ನಾನು ಏಕಸದಸ್ಯ ಆಯೋಗವಾಗಿ ವಿಚಾರಣೆ ನಡೆಸಿದೆ. ಮೊದಲು, ಇದು ಶುದ್ಧ ಮೋಸ ಎಂದು ಬೀದಿಗೆಲ್ಲ ಸಾರಿದೆ. ಆಮೇಲೆ, ಇವಳು ದಿನಾ ಸಂಜೆ ಬಾಳೆಕಂಬವನ್ನೇ ನೋಡುತ್ತಾ ಕೂತಿದ್ದನ್ನು ಕಂಡು ತೀರ್ಪು ಬದಲಾಯಿಸಿದೆ.

ಚೌಕಾಸಿ ಮಧ್ಯಾಹ್ನದವರೆಗೂ ನಡೆಯಿತು. ಇನ್ನು ಇಳಿಸಲಾರೆ ಎಂದು ಅವನು ಕೈಮುಗಿದಾಗ, ಜೊತೆಗಿಟ್ಟಿದ್ದ ದಪ್ಪ ಕಪ್ಪು ಕೇಬಲ್ಲನ್ನು ತೋರಿಸಿ, ಇದು ಬೇಡ, ಇದರ ಬೆಲೆ ಕಳೆದುಬಿಡಿ ಎಂದೆ. ಅವನು ಏನೋ ಹೇಳಹೊರಟ. ಅಂಗಡಿಯವನ ಬಾಯಿ ಮುಚ್ಚಿಸುವುದೇ ಚೌಕಾಸಿಯ ಮೊದಲ ಪಾಠ. ಮುಚ್ಚಿಸಿದೆ. ಹಳದಿ, ಕೆಂಪು, ಬಿಳಿ ಮೂತಿಯ ವೈರು ಮನೆಯಲ್ಲಿ ಇತ್ತಲ್ಲ!

ಅದನ್ನೇ ಸಿಕ್ಕಿಸಿದೆ. ಪುಟ್ಟಸ್ವಾಮಿಯವರನ್ನು ಕರೆದು ಕೂರಿಸಿ, ಎಷ್ಟು ಸ್ಪಷ್ಟ ನೋಡಿ ಎಂದೆ. ಅವರು ಮರ್ಯಾದಸ್ಥರು. "ಚೆನ್ನಾಗದೆ ಶಿವಣ್ಣೋರೆ," ಎಂದು ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ, "ಅಮ್ಮಾವ್ರು ಯಾವ ಕಡೆ ಅವ್ರೆ?" ಎಂದರು.

ಹೊಸ ಪ್ಲೇಯರ್ ಬಂದ ಡಬ್ಬಿಯ ಹಿಂದಿದ್ದ ಚಿತ್ರ ನೋಡಿದಾಗ ಗೊತ್ತಾಯಿತು. ಅಪ್‌ಸ್ಕೇಲಿಂಗ್ ನಡೆಯುವುದು ಆ ದಪ್ಪ ಕೇಬಲ್ ಇದ್ದರೆ ಮಾತ್ರವಂತೆ. ನಾನು ಚೌಕಾಸಿ ಮಾಡಿ ಅಂಗಡಿಯಲ್ಲೇ ಬಿಟ್ಟುಬಂದದ್ದು ಅಪ್‌ಸ್ಕೇಲಿಂಗನ್ನೇ. ಮತ್ತೆ ಹೋದೆ. ಅಂಗಡಿಯವನು ಆ ಕೇಬಲ್ಲನ್ನೇ ಎತ್ತಿ ಮುಂದಿಟ್ಟ. ಅವನು ಕೇಳಿದ್ದನ್ನು ಕೊಟ್ಟು ಬಂದೆ. ಜೀವಮಾನದಲ್ಲಿ ಅದೇ ಮೊದಲು.

ಈ ಸಲ ನಿಜವಾಗಿಯೂ ಬದಲಾಯಿತು. ಚೌಕಗಳು ಮಾಯವಾದವು. ಅತ್ತೆ ಮೇಣದ ಬೊಂಬೆಯ ಹಾಗೆ ನುಣ್ಣಗಾದರು. ನಗುವೂ ಅದರ ಜೊತೆಗೇ ಒರೆಸಿಹೋಗಿತ್ತು. ಹಳೇ ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಡಿಸ್ಕು ಅದು. ದೊಡ್ಡ ಪರದೆಗೆ ಸಾಲುವಷ್ಟು ಅದರಲ್ಲಿ ಇಲ್ಲ, ಇಲ್ಲದ್ದನ್ನು ಪ್ಲೇಯರ್ ಎಲ್ಲಿಂದ ತಂದೀತು?

ಸರ್ವಮಂಗಳ ಎದ್ದಳು. ಡಿಸ್ಕು ತೆಗೆದು, ಹಳೇ ಪ್ಲೇಯರನ್ನು ಕಂಕುಳಲ್ಲಿಟ್ಟುಕೊಂಡು ಬೀದಿ ದಾಟಿದಳು. ಸ್ವಲ್ಪ ಹೊತ್ತಿನ ಮೇಲೆ ನಾನೂ ಹೋದೆ. ಪುಟ್ಟಸ್ವಾಮಿಯವರ ಮನೆಯಲ್ಲಿ, ನಮ್ಮದೇ ಡಬ್ಬದೊಳಗೆ, ಅಂಗೈಯಗಲದ ಅತ್ತೆ ಆರತಿ ಹಿಡಿದು ನಗುತ್ತಿದ್ದರು. ಮೂಗುಬೊಟ್ಟು ಮಿನುಗುತ್ತಿತ್ತು. ಇವಳೂ ನಗುತ್ತಿದ್ದಳು. ಇಬ್ಬರದೂ ಒಂದೇ ನಗು ಎಂದು ನನಗೆ ಆವತ್ತೇ ಕಂಡದ್ದು.

ಟಿವಿ ವಾಪಸ್ಸು ಕೊಡುತ್ತೀರಾ ಎಂದು ಪುಟ್ಟಸ್ವಾಮಿಯವರನ್ನು ಮೆಲ್ಲಗೆ ಕೇಳಿದೆ.

"ಎಂಗ್ ಕೊಟ್ಬುಡ್ಲಿ ಶಿವಣ್ಣೋರೆ? ಇಂಥ ಟಿವಿ ಇನ್ಮುಂದೆ ದುಡ್ಡು ಕೊಟ್ರೂ ಸಿಕ್ಕಲ್ಲ ಅಂತ ನೀವೇ ಅಂದಿದ್ರಲ್ಲ."

ಈಗ ಸಂಜೆಯಾದರೆ ನಾವಿಬ್ಬರೂ ಎದುರುಮನೆಯಲ್ಲೇ. ನಾನು ಚಾಪೆಯ ತುದಿಯಲ್ಲಿ ಕೂರುತ್ತೇನೆ. ಹೊಸ ಟಿವಿ, ಹೊಸ ಪ್ಲೇಯರ್, ದಪ್ಪ ಕೇಬಲ್ ಮೂರೂ ನಮ್ಮ ಮನೆ ಕಾಯುತ್ತಿರುತ್ತವೆ. ಬೀದಿಯಲ್ಲಿ ನನ್ನ ಸಲಹೆ ಕೇಳುವವರು ಈಗ ಪುಟ್ಟಸ್ವಾಮಿ ಒಬ್ಬರೇ. ಅದೂ ರಿಮೋಟಿಗೆ ಎಲ್ಲಿ ಹೊಡೆಯಬೇಕು ಎಂದು.