ಗಗನರಾಜನ ಗಂಟಲು

ಧರ್ಮರಾಜನ ಕಷ್ಟಕ್ಕೆಲ್ಲ ಅವನ ಗಂಟಲೇ ಕಾರಣ. ಮೈ ತೊಗರಿ ಕಟ್ಟಿಗೆಯಂತಿದ್ದರೂ ದನಿ ಮಾತ್ರ ಕಾಳು ತುಂಬಿಡುವ ನೆಲಗುಂಡಿ, ಅಂದರೆ ಖಾಲಿ ಹಗೇವಿನಲ್ಲಿ ಗುಡುಗು ಸಿಕ್ಕಿಕೊಂಡಂತೆ. ಕಲಬುರಗಿಯ ಶರಣಬಸವೇಶ್ವರ ಗುಡಿಯ ಹತ್ತಿರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ಅವನನ್ನು ಬೇಸಿಗೆ ರಜೆಯಲ್ಲಿ ಹೈದರಾಬಾದಿನ ಸ್ಟುಡಿಯೋದವರು ಕರೆಸಿಕೊಂಡರು. ಕನ್ನಡಕ್ಕೆ ಡಬ್ಬಾಗುತ್ತಿದ್ದ ಧಾರಾವಾಹಿಯಲ್ಲಿ ಗಗನರಾಜನಿಗೆ ಅವನ ದನಿ ಬೇಕಾಗಿತ್ತು.

ಗಗನರಾಜ ಆಕಾಶದಲ್ಲಿ ಹಾರುವ ಮಹಾವೀರ. ಆದರೆ ಶುದ್ಧ ಲಂಚಕೋರ. ಊರಿಗೆ ತಾನೇ ಬೆಂಕಿ ಹಚ್ಚಿ, ತಾನೇ ಆರಿಸಿ, ಸನ್ಮಾನ ಮಾಡಿಸಿಕೊಳ್ಳುವವನು. ಗುಟ್ಟು ಬಯಲಿಗೆಳೆಯಲು ಹೋದ ಸ್ವಂತ ತಮ್ಮ ಕಿರಣನನ್ನು ಕಳೆದ ವಾರವಷ್ಟೇ ಮೋಡದ ಮೇಲಿಂದ ಕೆಳಕ್ಕೆ ನೂಕಿದ್ದ.

ಇಂಥ ಹೊತ್ತಿನಲ್ಲೇ ಧರ್ಮರಾಜ ಕಮಲಾಪುರಕ್ಕೆ ಹೆಣ್ಣು ನೋಡಲು ಹೊರಟಿದ್ದು. ವಯಸ್ಸು ಮೂವತ್ನಾಲ್ಕು, ಇದು ಆರನೆಯ ಹೆಣ್ಣು. ಬಸ್ಸಿನಲ್ಲಿ ಅಕ್ಕ ಕಸ್ತೂರಿ ಎಚ್ಚರಿಸಿದಳು: "ಅಲ್ಲಿ ಭಾಳ ಮಾತಾಡಬ್ಯಾಡ, ಸುಮ್ನ ನಗು."

ಖಂಡೆಪ್ಪನ ಪಡಸಾಲೆಯಲ್ಲಿ ಧರ್ಮರಾಜ ಅರ್ಧ ಗಂಟೆ ನಕ್ಕ. ಖಂಡೆಪ್ಪನ ಮಗಳು ಅಂಬಿಕಾ ಚಹಾ ತಂದಳು. ಶಾಂತ ಮುಖ, ನೇರ ನೋಟ. ಧರ್ಮರಾಜನಿಗೆ ಆ ಗಳಿಗೆಯಲ್ಲೇ ಮನಸ್ಸು ಸೋತಿತು. ತಡೆಯಲಾರದೆ, "ಚಹಾ ಭಾಳ ಚಲೋ ಆಗ್ಯದ್ರಿ" ಎಂದ.

ಅಂಬಿಕಾಳ ಅಜ್ಜಿ ನೀಲಗಂಗಮ್ಮನ ಕೈಯಿಂದ ಕೆಂಪು ಬಾಳೆಹಣ್ಣಿನ ತಟ್ಟೆ ಜಾರಿತು.

"ಖಂಡ್ಯಾ, ಬಾಗಲಾ ಹಾಕು! ಇಂವ ತಮ್ಮನ್ನ ಮುಗಿಲ ಮ್ಯಾಗಿಂದ ನೂಕ್ದಾಂವ!"

"ಅಜ್ಜಿ, ಅದು ಬರೇ ದನಿ ರೀ. ನಾ ಮೈಕಿನ ಮುಂದ ನಿಂತು ಮಾತಾಡೀನಿ, ಅಷ್ಟೇ."

"ಬೆಂಕಿ ಹಚ್ಚಾಂವರೆಲ್ಲಾ ಹಿಂಗೇ ಅಂತಾರ!"

ಗದ್ದಲ ಕೇಳಿ ಪಕ್ಕದ ಮನೆಯ ನಜ್ಮಾ ಓಡಿಬಂದಳು. ಆಕೆಗೆ ಸಂಭ್ರಮವೋ ಸಂಭ್ರಮ. "ಯಾ ಅಲ್ಲಾ, ಗಗನರಾಜ ನಮ್ಮ ಗಲ್ಲಿಗಿ ಬಂದಾನ! ಒಂದು ಡೈಲಾಗ್ ಹೇಳ್ರಿ ಭಾಯಿ!"

"ಬ್ಯಾಡ್ರಿ," ಎಂದ ಧರ್ಮರಾಜ. ಆ ಒಂದೇ ಮಾತಿಗೆ ಕಿಟಕಿಯ ಗಾಜು ನಡುಗಿತು. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು.

ಖಂಡೆಪ್ಪ ಗಂಟಲು ಸರಿಪಡಿಸಿಕೊಂಡ. "ನೋಡ್ರಿ ಮಾಸ್ತರ, ನಮ್ಮವ್ವ ದಿನಾ ಆ ಹುಡುಗ ಕಿರಣನ ಸಲುವಾಗಿ ಅಳ್ತಾಳ. ನಿಮ್ಮ ದನಿ ಮನ್ಯಾಗ ಕೇಳಿದ್ರ ಆಕಿ ಹ್ಯಾಂಗ ಉಣ್ಣಬೇಕು?"

ಸಂಬಂಧ ಕೈಜಾರುತ್ತಿತ್ತು. ಧರ್ಮರಾಜ ಎದ್ದು ನಿಂತ. "ಅಜ್ಜಿ, ಇನ್ನೊಂದು ಮಾತು ಕೇಳ್ರಿ. ಸ್ಟುಡಿಯೋದಾಗ ಇನ್ನೊಬ್ಬ ಮನಷ್ಯಾ ಸಿಗಲಿಲ್ಲ. ಕಿರಣನ ದನೀನೂ ನಂದೇ."

ಯಾರೂ ನಂಬಲಿಲ್ಲ. ಅವನು ಕಣ್ಣು ಮುಚ್ಚಿ, ಕುತ್ತಿಗೆ ಕೊಂಚ ಓರೆ ಮಾಡಿ, ಜೇನಿನಂಥ ಎಳೆಯ ದನಿಯಲ್ಲಿ, ಧಾರಾವಾಹಿಯ ಕಿರಣ ತನ್ನ ತಂಗಿಗೆ ಹೇಳುವ ಮಾತು ನುಡಿದ: "ತಂಗೀ, ನಾನಿರುವವರೆಗೆ ನೀನು ಹೆದರಬೇಡ."

ಮರುಕ್ಷಣ ಅಜ್ಜಿ ಅವನನ್ನು ಎದೆಗೊತ್ತಿಕೊಂಡು, "ನನ್ನ ಕೂಸs, ಬದುಕೀ ಏನೋ!" ಎಂದು ಅತ್ತಳು. ನಜ್ಮಾ ಕಣ್ಣೊರೆಸಿಕೊಂಡಳು. ಖಂಡೆಪ್ಪ, "ಇಂಥಾ ಮನಷ್ಯಾ ಎಲ್ಲಿ ಸಿಗ್ತಾನ!" ಎಂದ. ಕಸ್ತೂರಿ ಮನಸ್ಸಿನಲ್ಲೇ ಮುಹೂರ್ತ ನೋಡತೊಡಗಿದಳು.

ಅಂಬಿಕಾ ಮೆಲ್ಲಗೆ ಎದುರು ಬಂದಳು. ಕಣ್ಣು ತುಂಬಿದ್ದವು. ಧರ್ಮರಾಜ ಅಂಗಿಯ ಕಾಲರು ಸರಿಮಾಡಿಕೊಂಡ.

"ನಂಗ ಒಡಹುಟ್ಟಿದವ್ರು ಯಾರೂ ಇಲ್ರಿ. ಆ ಮಾತು ಕೇಳ್ದಾಗೆಲ್ಲಾ, ನಂಗೇ ಅಂದಂಗ ಅನಸ್ತಿತ್ತು. ಇವತ್ತು ನನ್ನ ಮುಂದೇ ನಿಂತು ಅಂದ್ರಿ," ಎಂದು ಬಾಗಿ ಅವನ ಕಾಲು ಮುಟ್ಟಿದಳು. "ಪಂಚಮಿಗಿ ತಪ್ಪದs ಬರಬೇಕು, ಅಣ್ಣಾ."

ಅಜ್ಜಿ ಇಬ್ಬರ ತಲೆಯ ಮೇಲೂ ಕೈಯಿಟ್ಟು ಹರಸಿದಳು. ಧರ್ಮರಾಜ ಬಾಯಿ ತೆರೆದ. ಎರಡೂ ದನಿಗಳಲ್ಲಿ ಒಂದೂ ಹೊರಡಲಿಲ್ಲ.

ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಬಂದ ಖಂಡೆಪ್ಪ, ಮಗಳ ಫೋಟೋ ಮತ್ತು ಜಾತಕವಿದ್ದ ಲಕೋಟೆಯನ್ನು ಅವನ ಜೇಬಿನಲ್ಲಿ ಇಟ್ಟ.

"ಕಲಬುರಗ್ಯಾಗ ಯಾವನರ ಚಲೋ ವರ ಇದ್ರ ನೋಡಪ್ಪಾ. ಇನ್ನ ಅಣ್ಣ ಅಂತ ನೀ ಇದ್ದೀ, ನಂಗ ಚಿಂತಿ ಇಲ್ಲ."